ನಾಲ್ಕು ಬೆರಳು ನೀರು

ಬಂದರಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಅಳತೆಯಜ್ಜ ಎಂದು. ದೋಣಿಗಳು ನಿಲ್ಲುವ ಹಳೆಯ ಧಕ್ಕೆಯ ಕಂಬಕ್ಕೆ ಅಂಕಿ ಬರೆದ ಉದ್ದನೆಯ ಹಲಗೆಯೊಂದನ್ನು ಮೊಳೆ ಹೊಡೆದು ಕೂರಿಸಿದೆ. ನೀರು ಏರಿದಾಗೊಮ್ಮೆ, ಇಳಿದಾಗೊಮ್ಮೆ ಅದನ್ನು ನೋಡಿ ಸಮುದ್ರದ ಎತ್ತರವನ್ನು ಪುಸ್ತಕದಲ್ಲಿ ಬರೆಯುವುದು ಮೂವತ್ತೊಂದು ವರ್ಷದಿಂದ ಅವರ ಕೆಲಸ. ಜ್ವರ ಬಂದರೂ ತಪ್ಪಿಸಿದವರಲ್ಲ. ಮಗಳ ಮದುವೆಯ ದಿನವೂ "ಈಗ ಬಂದೆ" ಎಂದು ಮಾಯವಾಗಿ ಹೆಂಡತಿಯ ಬಾಯಿಗೆ ಸಿಕ್ಕಿದ್ದರು. ಆ ಬೈಗುಳ ಇನ್ನೂ ಮುಗಿದಿಲ್ಲ.

ಐದು ವರ್ಷದ ಹಿಂದೆ ಅಳೆಯಲು ಯಂತ್ರ ಬಂದಾಗ ಅಜ್ಜನಿಗೆ ಗಾಬರಿಯಾಗಿತ್ತು. ಆದರೆ ಅದನ್ನು ಕೂರಿಸಿದವರು ಅಜ್ಜನ ಹಲಗೆ ನೋಡಿಯೇ ಅದರ ಅಂಕಿ ಹೊಂದಿಸಿದರು. ವಾರವಿಡೀ ಅಜ್ಜ ಎದೆಯುಬ್ಬಿಸಿ ಓಡಾಡಿದ್ದೇ ಓಡಾಡಿದ್ದು.

ಈಗ ಸಮುದ್ರ ವರ್ಷ ವರ್ಷ ಏರುತ್ತಿದೆಯೆಂದು, ಮುಂದಿನ ಐವತ್ತು ವರ್ಷಕ್ಕೆ ಸಾಲುವಂಥ ಗೋಡೆ ಕಟ್ಟಿಸಲು ಹೊಸ ಎಂಜಿನಿಯರಮ್ಮ ಬಂದಿದ್ದಾರೆ. ಅವರಿಗೆ ಅಜ್ಜನ ಪುಸ್ತಕಗಳೇ ಆಧಾರ.

"ನೋಡಿ ಅಜ್ಜ, ನಿಮ್ಮ ಪುಸ್ತಕದ ಪ್ರಕಾರ ಇಷ್ಟು ವರ್ಷದಲ್ಲಿ ನೀರು ಏರಿರೋದು ಆರು ಬೆರಳು. ಸಣ್ಣ ಗೋಡೆ ಸಾಕು. ಎಂಟು ದಾಟಿದ್ರೆ ದೊಡ್ಡ ಗೋಡೆನೇ ಬೇಕಾಗ್ತಿತ್ತು. ಅದರ ಬುಡಕ್ಕೆ ಜಾಗ ಮಾಡೋಕೆ ಕೆಳಗಿನ ಬೀದಿ ಪೂರ್ತಿ ತೆಗೀಬೇಕಿತ್ತು" ಎಂದರು ಆಕೆ.

ಕೆಳಗಿನ ಬೀದಿಯ ಮೂರನೇ ಮನೆ ಅಜ್ಜನದು.

ಬದುಕಿದೆಯಾ ಬಡಜೀವವೇ ಎಂದು ಹೊರಬಂದವರು ನಾಲ್ಕು ಹೆಜ್ಜೆ ಇಟ್ಟು ಗಕ್ಕನೆ ನಿಂತರು. ಇಪ್ಪತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ದೋಣಿ ಗುದ್ದಿ ಹಲಗೆ ಕಿತ್ತುಬಂದಿತ್ತು. ಕಚೇರಿಗೆ ತಿಳಿಸಿದರೆ ರಿಪೇರಿಗೆ ತಿಂಗಳು ಹಿಡಿಯುತ್ತದೆ, ಅಷ್ಟು ದಿನ ಪುಟಗಳು ಖಾಲಿ. ಖಾಲಿ ಪುಟ ಎಂದರೆ ಅಜ್ಜನಿಗೆ ಜೀವ ಹೋದಷ್ಟು ಸಂಕಟ. ತಾವೇ ಸುತ್ತಿಗೆ ಹಿಡಿದರು. ಹಳೆಯ ಮೊಳೆಯ ಜಾಗದಲ್ಲಿ ಕಂಬ ಸೀಳಿದ್ದರಿಂದ ಹಲಗೆಯನ್ನು ಸರಿಯಾಗಿ ನಾಲ್ಕು ಬೆರಳು ಸರಿಸಿ ಹೊಡೆದರು. ಸಂಜೆ ಪುಸ್ತಕದಲ್ಲಿ ಬರೆದರಾಯಿತು ಎಂದುಕೊಂಡು ಮರೆತೇಬಿಟ್ಟರು.

ಸರಿಸಿದ್ದು ಮೇಲಕ್ಕೋ, ಕೆಳಕ್ಕೋ?

ತಲೆ ಚಿಟ್ಟು ಹಿಡಿಯಲು ಇಷ್ಟು ಸಾಕಾಯಿತು. ಕೆಳಕ್ಕೆ ಸರಿಸಿದ್ದರೆ ಹಲಗೆ ನೀರನ್ನು ಹೆಚ್ಚು ತೋರಿಸುತ್ತಿದೆ. ನಿಜಕ್ಕೂ ಏರಿದ್ದು ಎರಡೇ ಬೆರಳು, ಮನೆ ಉಳಿಯಿತು. ಮೇಲಕ್ಕೆ ಸರಿಸಿದ್ದರೆ ಕಡಿಮೆ ತೋರಿಸುತ್ತಿದೆ. ಏರಿದ್ದು ಹತ್ತು, ಬೀದಿ ಹೋಯಿತು. ಊಟಕ್ಕೆ ಕೂತವರು ನೀರಿನ ಲೋಟದೊಳಗೆ ಚಮಚ ಇಳಿಬಿಟ್ಟು ಮೇಲೆ ಕೆಳಗೆ ಮಾಡುತ್ತಲೇ ಇದ್ದರು.

"ಚಮಚಕ್ಕೆ ಈಜು ಕಲಿಸ್ತಿದ್ದೀರಾ? ಊಟ ಮಾಡ್ರೀ" ಎಂದರು ಹೆಂಡತಿ. "ಗೋಡೆ ಕಟ್ತಾರಂತಲ್ಲ, ಒಳ್ಳೇದಾಯ್ತು. ಈ ಮನೆ ಬಿಟ್ಟು ನಾನೆಲ್ಲಿಗೂ ಬರೋಳಲ್ಲ."

ಅಜ್ಜ ಚಮಚ ಕೆಳಗಿಟ್ಟರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಗೋಡೆ ಗಿಡ್ಡವಾದರೆ ನೀರು ಮನೆಯೊಳಗೇ ಬರುತ್ತದೆ. ಹೇಳೋಣವೆಂದರೆ ಏನೆಂದು ಹೇಳುವುದು? ಮೂರು ದಿನ ದಿಕ್ಕು ತೋಚದೆ ಒದ್ದಾಡಿ ಕೊನೆಗೆ ಎಂಜಿನಿಯರಮ್ಮನ ಮುಂದೆ ಎಲ್ಲ ಒದರಿಬಿಟ್ಟರು.

"ಮೇಲಕ್ಕಾ ಕೆಳಕ್ಕಾ?"

"ಅದೇ ಮೇಡಂ, ಗೊತ್ತಾಗ್ತಿಲ್ಲ."

"ಅಯ್ಯೋ, ಯಂತ್ರಾನೂ ಅದೇ ಹಲಗೆ ನೋಡಿ ಕೂರಿಸಿದ್ದಲ್ವಾ!" ಎಂದು ಆಕೆ ತಲೆಮೇಲೆ ಕೈಹೊತ್ತರು.

ನೀರಿಳಿದ ಹೊತ್ತಿಗೆ ಇಬ್ಬರೂ ಕಬ್ಬಿಣದ ಏಣಿಯಲ್ಲಿ ಕೆಳಗಿಳಿದರು. ಕಂಬದ ತುಂಬ ಚಿಪ್ಪು ಅಂಟಿತ್ತು. ಅಜ್ಜ ಉಳಿ ಹಿಡಿದು ಮೊದಲು ಹಲಗೆಯ ಮೇಲ್ತುದಿಗಿಂತ ಮೇಲೆ ಕೆರೆದರು. ಹಳೆಯ ತೂತು ಅಲ್ಲೇ ಸಿಗಲಿ ಎಂದು ಅವರ ಆಸೆ. ಮರ ನುಣ್ಣಗಿತ್ತು. ಮತ್ತೊಮ್ಮೆ ಕೆರೆದರು. ಆಮೇಲೆ ಹಲಗೆಯ ಕೆಳಗೆ ಕೆರೆದರು. ಮೂರನೇ ಏಟಿಗೆ ಚಿಪ್ಪು ಉದುರಿ, ತುಕ್ಕಿನ ಕಲೆಯಿದ್ದ ಎರಡು ಹಳೆಯ ತೂತು ಕಂಡವು. ಹಲಗೆ ಸರಿದದ್ದು ಮೇಲಕ್ಕೇ.

ಸಂಜೆ ಹೆಂಡತಿ ಬಾಗಿಲಲ್ಲೇ ಕೇಳಿದರು, "ಏನಾಯ್ತು ಗೋಡೆ ವಿಷಯ?"

"ದೊಡ್ಡ ಗೋಡೆ. ನಾವು ಮನೆ ಬಿಡಬೇಕು ಕಣೇ."

"ಯಾವನ್ರೀ ಹಾಗಂದೋನು?"

"ನಾನೇ."

ಅಜ್ಜ ಮೆಟ್ಟಿಲ ಮೇಲೆ ಕೂತು ಸುತ್ತಿಗೆ, ಹಲಗೆ, ನಾಲ್ಕು ಬೆರಳು ಎಲ್ಲವನ್ನೂ ಹೇಳಿದರು. ಆಕೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆವತ್ತೇ ಒಂದು ಸಾಲು ಬರೆದಿಡೋಕೆ ನಿಮಗೇನಾಗಿತ್ತು?" ಎಂದರು.

ಮೂವತ್ತೊಂದು ವರ್ಷ ಒಂದು ದಿನವೂ ಬಿಡದೆ ಬರೆದವರು ಪುಸ್ತಕ ತೆಗೆದು, ಇಪ್ಪತ್ತು ವರ್ಷ ತಡವಾಗಿ ಆ ಸಾಲು ಬರೆದರು.