ಮಲ್ಲಣ್ಣನ ಉದ್ದನೆಯ ಹಾಡು

ಅರ್ಥವಾಗದ ಹಾಡುಗಳೆಂದರೆ ನನಗೆ ಪ್ರಾಣ. ಬಳ್ಳಾರಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನು ಬಾಯಿಬಿಟ್ಟು ಹೇಳಿಕೊಳ್ಳುವ ಮಾತಲ್ಲ ಇದು. ಡಾಕ್ಟರುಗಳ ಕೈಬರಹ ಓದಿ ಓದಿ ಹೀಗಾಗಿದೆ ಎಂದು ಮನೆಯವಳು ನಗುತ್ತಾಳೆ. ಅಂಗಡಿಯ ಷಟರ್ ಎಳೆದ ಮೇಲೆ ನಾನು ಕೇಳುವುದು ಪ್ರೊಗ್ರೆಸಿವ್ ರಾಕ್ ಎಂಬ ಸಂಗೀತವನ್ನು. ನಾನು ಹುಟ್ಟುವ ಹೊತ್ತಿಗಾಗಲೇ ಇಂಗ್ಲೆಂಡಿನಲ್ಲಿ ಅದು ಹಳತಾಗಿತ್ತಂತೆ. ಒಂದು ಹಾಡು ಶುರುವಾದರೆ ಅನ್ನಕ್ಕಿಟ್ಟು, ಇಳಿಸಿ, ಉಂಡು ಕೈತೊಳೆದರೂ ಮುಗಿಯುವುದಿಲ್ಲ. ತಾಳ ಏಳು ಮಾತ್ರೆಯಿಂದ ಐದಕ್ಕೆ, ಐದರಿಂದ ಹನ್ನೊಂದಕ್ಕೆ ಜಿಗಿಯುತ್ತದೆ. ಹಗಲೆಲ್ಲ ಮಾತ್ರೆ ಎಣಿಸಿ ಸಂಜೆಯೂ ಮಾತ್ರೆ ಎಣಿಸುವ ಹಣೆಬರಹ ನನ್ನದು.

ಆ ಸಂಗೀತದವರಿಗೆ ಈ ಹುಚ್ಚು ಹಿಡಿಸಿದವರು ಕವಿಗಳು, ಚಿತ್ರಕಾರರು. ಹಾಡುಹಗಲೇ ಮರದ ಕೊಂಬೆಯ ಮೇಲೆ ದೇವದೂತರನ್ನು ಕಂಡೆವೆಂದವರು, ನಿದ್ದೆಯಲ್ಲಿ ಅರಮನೆ ಕಂಡು ಎದ್ದು ಬರೆದವರು. ಒಬ್ಬಳನ್ನು ಪ್ರೀತಿಸಿದೆನೆಂದು ಹೇಳಲು ಮೂರು ನಿಮಿಷ ಸಾಕು, ಬೇರೊಂದು ಲೋಕ ಕಂಡೆನೆಂದು ಹೇಳಲು ಸಾಲದು. ಹಾಗಾಗಿ ಹಾಡು ಉದ್ದವಾಯಿತು, ರೆಕಾರ್ಡಿನ ರಟ್ಟಿನ ಮೇಲೆ ಗಾಳಿಯಲ್ಲಿ ತೇಲುವ ಬಂಡೆಗಳು ಬಂದವು. ಬಳ್ಳಾರಿಯಲ್ಲಿ ಬಂಡೆಗಳಿಗೇನೂ ಬರವಿಲ್ಲ. ಬಿಸಿಲಿಗೆ ಕಾದು ಬಿದ್ದುಕೊಂಡಿರುತ್ತವೆ ಅಷ್ಟೆ, ಒಂದಾದರೂ ತೇಲಿದ್ದನ್ನು ನಾನು ಕಂಡಿಲ್ಲ.

ಕಂಡವನು ಮಲ್ಲಣ್ಣ.

ಮಲ್ಲಣ್ಣ ನನ್ನ ಕಾಲೇಜಿನ ಗೆಳೆಯ, ಸಿರುಗುಪ್ಪದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಗಿಟಾರು ಹೆಗಲಿಗೇರಿಸಿ ಬಸ್ಸಿನಲ್ಲಿ ಬಳ್ಳಾರಿಗೆ ಬರುತ್ತಿದ್ದ. ಕೌಲ್ ಬಜಾರಿನ ರಿಯಾಜನ ಆಟೋ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ಮೂವರೂ ಸೇರುತ್ತಿದ್ದೆವು. ರಿಯಾಜನದು ಡ್ರಮ್ಮು, ನನ್ನದು ಕೀಬೋರ್ಡು. ಕೆಳಗೆ ಪಕ್ಕದಲ್ಲಿದ್ದ ಕಿರಾಣಿ ಅಂಗಡಿಯ ಮುದುಕ ಆಗಾಗ ತಲೆಯೆತ್ತಿ, "ಇನ್ನೂ ಶುರುನ ಆಗಿಲ್ಲೇನ್ರಪಾ?" ಎಂದು ಕೇಳುತ್ತಿದ್ದ. ನಾವು ಅರ್ಧ ಗಂಟೆಯಿಂದ ಬಾರಿಸುತ್ತಿರುತ್ತಿದ್ದೆವು.

ಮಲ್ಲಣ್ಣನ ಹೆಂಡತಿ ಗೌರಿ ಕುರುಗೋಡಿನವಳು. ಅವಳ ತಂದೆ ಅಲ್ಲಿನ ಭಜನಾ ಮೇಳದಲ್ಲಿ ತತ್ವಪದ ಹಾಡಿಯೇ ಮುದುಕರಾದವರು. ಅವರ ಪದಗಳಲ್ಲಿ ಕಣ್ಣಿಲ್ಲದ ಹಕ್ಕಿ ಊರೆಲ್ಲ ನೋಡಿ ಬರುತ್ತಿತ್ತು, ಬಂಜೆಯ ಮಗು ತೊಟ್ಟಿಲು ತೂಗುತ್ತಿತ್ತು. ಮಲ್ಲಣ್ಣನಿಗೆ ನಿಧಿ ಸಿಕ್ಕಂತಾಯಿತು.

"ಇಂಗ್ಲೀಷ್ ಕವಿಗಳ ಬೆನ್ನು ಯಾಕ ಬೀಳಬೇಕಲೇ ವೀರೇಶಾ? ನಮ್ಮ ಮಾವನ ಪದದಾಗ ಎಲ್ಲಾ ಐತಿ" ಎಂದ. ಆ ಪದಗಳನ್ನು ನಡುನಡುವೆ ಇಟ್ಟು ಒಂದು ಉದ್ದನೆಯ ಹಾಡು ಕಟ್ಟತೊಡಗಿದ.

ಬಾರಿಸುತ್ತ ಒಮ್ಮೊಮ್ಮೆ ನಿಂತುಬಿಡುತ್ತಿದ್ದ. ಕಣ್ಣಂಚಿನಿಂದ ಹಸಿರು ಬೆಳಕು ಹರಿದು ಬರುತ್ತದೆ, ಬೆಲ್ಲ ಸೀದ ವಾಸನೆ, ಆಮೇಲೆ ಗುಡ್ಡದ ಬಂಡೆಗಳು ಒಂದೊಂದೇ ನೆಲ ಬಿಟ್ಟು ಏಳುತ್ತವೆ ಎನ್ನುತ್ತಿದ್ದ. ಮನೆಗೆ ಹೋಗಿ ಅದನ್ನೇ ಬಣ್ಣದಲ್ಲಿ ಬರೆಯುತ್ತಿದ್ದ. ರಿಯಾಜ್, "ಮೇಷ್ಟ್ರೇ, ನಮಗೂ ಒಂದೀಟು ತೋರಸ್ರಿ" ಎಂದು ಚೇಷ್ಟೆ ಮಾಡುತ್ತಿದ್ದ. ನನಗೆ ಆ ಸೀದ ವಾಸನೆಯ ಮಾತು ಹಿಡಿಸಲಿಲ್ಲ. ಡಾಕ್ಟರಿಗೆ ತೋರಿಸೆಂದೆ. ನಕ್ಕುಬಿಟ್ಟ.

ಒಂದು ಭಾನುವಾರ ಗಿಟಾರಿನ ಸಮೇತ ನೆಲಕ್ಕೆ ಬಿದ್ದ. ಕೈಕಾಲು ಸೆಟೆದುಕೊಂಡವು, ಬಾಯಲ್ಲಿ ನೊರೆ ಬಂತು. ರಿಯಾಜನ ಆಟೋದಲ್ಲೇ ಆಸ್ಪತ್ರೆಗೆ ಒಯ್ದೆವು. ಅದು ಮೂರ್ಛೆ ರೋಗ, ಬೆಳಕೂ ವಾಸನೆಯೂ ಅದರ ಮುನ್ಸೂಚನೆ ಎಂದರು ಡಾಕ್ಟರು. ಮಾತ್ರೆ ತಪ್ಪಿಸುವಂತಿಲ್ಲ, ನೀರಿನ ಹತ್ತಿರ ಒಬ್ಬನೇ ಹೋಗುವಂತಿಲ್ಲ ಎಂದೂ ಹೇಳಿದರು.

ಮಾತ್ರೆ ಹತ್ತಿತು. ಬೆಳಕು ನಿಂತಿತು, ಬಂಡೆಗಳು ನೆಲಕ್ಕಿಳಿದವು. ಗೌರಿ ನೆಮ್ಮದಿಯಾಗಿ ಮಲಗತೊಡಗಿದಳು. ಮಲ್ಲಣ್ಣ ಮಾತ್ರ ಒಣಗುತ್ತ ಹೋದ.

"ಕೈ ಬಾರಸ್ತಾವಲೇ, ಅಲ್ಲಿ ನಾ ಇರಂಗಿಲ್ಲ" ಎಂದ ಒಮ್ಮೆ. "ಆ ಕವಿಗಳಿಗೂ ಯಾರರ ಮಾತ್ರಿ ಕೊಟ್ಟಿದ್ರ ಏನಾಗ್ತಿತ್ತು ಹೇಳು?"

"ಇನ್ನೂ ನಾಕು ವರ್ಷ ಬದುಕಿ ಇನ್ನೂ ನಾಕು ಪದ್ಯ ಬರೀತಿದ್ರು" ಎಂದೆ.

"ಎಂಥಾ ಪದ್ಯ?" ಎಂದ.

ಅವನ ಶಾಲೆಯ ಸಭಾಂಗಣದಲ್ಲಿ ಒಂದು ಸಂಜೆ ಹಾಡನ್ನು ಪೂರ್ತಿಯಾಗಿ ನುಡಿಸಿದೆವು. ಮಲ್ಲಣ್ಣ ಅಂದು ಬಾರಿಸಿದ ಹಾಗೆ ಎಂದೂ ಬಾರಿಸಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೆಡ್‌ಮಾಸ್ತರು ಆಕಳಿಸುತ್ತ ಬಾಯಿ ತೆರೆದವರು ಹಾಗೇ ಕೂತುಬಿಟ್ಟರು. ಮುಗಿದಾಗ ಅವನ ಅಂಗಿ ಬೆವರಿಗೆ ಮೈಗಂಟಿತ್ತು, ಕಣ್ಣು ಹೊಳೆಯುತ್ತಿದ್ದವು. ಪರದೆಯ ಹಿಂದೆ ನನ್ನ ಕೈಹಿಡಿದು, "ಮಾತ್ರಿ ಬಿಟ್ಟೀನಲೇ. ಎಲ್ಲಾ ವಾಪಸ್ ಬಂದಾವ" ಎಂದ.

ಗೌರಿಯನ್ನು ಕರೆದು ಅವನೆದುರಿಗೇ ಹೇಳಿದೆ. ಅವಳು ಬೈಯಲಿಲ್ಲ. ಚೀಲದಿಂದ ಮಾತ್ರೆ ತೆಗೆದು ನೀರಿನ ಬಾಟಲಿಯ ಜೊತೆ ಅವನ ಮುಂದೆ ಹಿಡಿದು ನಿಂತಳು, ಅವನು ನುಂಗುವ ತನಕ. "ನಾಳಿಂದ ತಪ್ಪಸಂಗಿಲ್ಲ, ನಿನ್ನಾಣಿ" ಎಂದ. ಆಣೆಯಲ್ಲಿ ಸುಳ್ಳಿರಲಿಲ್ಲವೆಂದೇ ನಂಬಿದ್ದೇನೆ. ಆದರೆ ಬಿಟ್ಟ ಔಷಧಿ ಮತ್ತೆ ರಕ್ತದಲ್ಲಿ ನೆಲೆಯೂರಲು ದಿನಗಳು ಬೇಕು. ಅದು ನನಗೆ ಗೊತ್ತಿತ್ತು. ಒಬ್ಬನನ್ನೇ ಬಿಡಬೇಡವೆಂದು ಗೌರಿಗೆ ಹೇಳಿ ಬಳ್ಳಾರಿಗೆ ಹೊರಟೆ.

ಮರುದಿನ ಬೆಳಿಗ್ಗೆ ಗೌರಿ ರೊಟ್ಟಿ ಬಡಿಯುತ್ತಿದ್ದಾಗ ಅವನು ಕಾಗದ, ಬಣ್ಣ ತೆಗೆದುಕೊಂಡು ಹೊಳೆದಂಡೆಯ ಕೆಂಚನಗುಡ್ಡಕ್ಕೆ ಹೋಗಿಬಿಟ್ಟ. ಹೊಳೆ ಸೊರಗಿದ್ದ ಕಾಲ. ಬಂಡೆಗಳ ನಡುವೆ ಮೊಣಕಾಲುದ್ದ ನೀರಿನಲ್ಲಿ ಬೋರಲು ಬಿದ್ದಿದ್ದವನನ್ನು ಎಮ್ಮೆ ಮೈತೊಳೆಸಲು ಬಂದವರು ಕಂಡರು. ಮಗು ಕೂಡ ಎದ್ದು ನಿಲ್ಲಬಹುದಾದಷ್ಟು ನೀರು.

ಮಣ್ಣು ಮಾಡಿ ಬಂದ ಮೇಲೆ ನಾನು ಕೀಬೋರ್ಡಿಗೆ ಬಟ್ಟೆ ಮುಚ್ಚಿಟ್ಟೆ. ಹಾಡು ಕೇಳುವುದನ್ನೂ ಬಿಟ್ಟೆ. ದೇವದೂತರನ್ನು ಕಂಡ ಕವಿಗಳ ಮೇಲೆ, ತೇಲುವ ಬಂಡೆ ಬರೆದವರ ಮೇಲೆ ಸಿಟ್ಟು ಬರುತ್ತಿತ್ತು, ಅವರೇ ಬಂದು ಇವನನ್ನು ಹೊಳೆಗೆ ಕರೆದೊಯ್ದರೇನೋ ಎಂಬಂತೆ. ಊರಿನಲ್ಲಿ ಮಾತಿನ ಧಾಟಿಯೂ ಬದಲಾಯಿತು. ಅವನು ಕಂಡವನು, ಅದಕ್ಕೇ ಹಾಗೆ ಬಾರಿಸಿದ, ಅದಕ್ಕೇ ಹೊರಟುಹೋದ ಎಂದು ಜನ ದನಿ ತಗ್ಗಿಸಿ ಹೇಳತೊಡಗಿದರು.

ಗೌರಿ ತವರಿಗೆ ಹೋಗಿದ್ದಳು. ಶಾಲೆಯಲ್ಲಿ ನುಡಿಸಿದ ಸಂಜೆ ರಿಯಾಜ್ ಫೋನಿನಲ್ಲಿ ಹಿಡಿದಿಟ್ಟಿದ್ದ ಹಾಡಿನ ರೆಕಾರ್ಡಿಂಗು ಅವಳಿಗೆ ತಲುಪಲೆಂದು ನಾನೂ ರಿಯಾಜನೂ ಕುರುಗೋಡಿಗೆ ಹೋದೆವು. ಜನರ ಮಾತು ಅಲ್ಲಿಗೂ ಮುಟ್ಟಿತ್ತು.

"ಕಂಡವರಂತ, ಕಂಡವರು!" ಎಂದಳು. "ನಮ್ಮಪ್ಪ ಹುಟ್ಟಿದಾಗಿನಿಂದ ಹಾಡ್ಯಾನ, ಅಣ್ಣಾ. ಏನೂ ಕಂಡಿಲ್ಲ. ಹೊಲಕ್ಕ ಹೋಗತಾನ, ಎರಡು ರೊಟ್ಟಿ ತಿಂತಾನ, ಹಾಡ್ತಾನ. ಇವರದು ಬ್ಯಾನಿ. ಬ್ಯಾನಿಗಿ ಬ್ಯಾನಿ ಅನ್ರಿ."

ಆಮೇಲೆ ಪೂರ್ತಿ ಹಾಡನ್ನು ಸೆರಗು ಬಾಯಿಗೊತ್ತಿ ಕೇಳಿದಳು. ನಡುವೆ ಡ್ರಮ್ಮು ನಿಂತು ಗಿಟಾರೊಂದೇ ಮೆಲ್ಲಗೆ ನಡೆಯುವ ಒಂದು ಭಾಗವಿದೆ. ಅಲ್ಲಿ ಅವಳು ಕೈಯೆತ್ತಿದಳು. ರಿಯಾಜ್ ಅದನ್ನೇ ಮತ್ತೊಮ್ಮೆ ಹಾಕಿದ.

"ಇದನ್ನ ಯಾವಾಗ ಕಟ್ಟಿದ್ರು?"

"ಮಾತ್ರಿ ತಪ್ಪದಂಗ ತಗೊಳ್ತಿದ್ದ ದಿನದಾಗ" ಎಂದೆ. "ಇದರಾಗ ಜೀವ ಇಲ್ಲ, ತಗದುಬಿಡೋಣು ಅಂತಿದ್ದ. ನಾವಿಬ್ರೂ ಜಗಳಾಡಿ ಉಳಿಸಿಕೊಂಡ್ವಿ."

ಅವಳು ಅದನ್ನೇ ಇನ್ನೊಮ್ಮೆ ಹಾಕಿಸಿದಳು. ಒಳಗಿನಿಂದ ಅವಳ ತಂದೆ ಬಂದು ಗೋಡೆಗೊರಗಿ ಕೂತರು. ಅಳಿಯನದೆಂದು ಯಾರೂ ಹೇಳದಿದ್ದರೂ ಗಿಟಾರಿನ ಆ ನಿಧಾನದ ನಡಿಗೆಗೆ ಅವರ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಏಳು ಮಾತ್ರೆಯೆಂದು ನಾವು ಕಷ್ಟಪಟ್ಟು ಎಣಿಸುತ್ತಿದ್ದ ತಾಳವನ್ನು ಆ ಮುದುಕರು ಎಣಿಸಲೇ ಇಲ್ಲ. ಕಣ್ಣು ಮುಚ್ಚಿರಲಿಲ್ಲ, ಮುಖದಲ್ಲಿ ಯಾವ ಬೆಳಕೂ ಇರಲಿಲ್ಲ. ಎದುರಿನ ಅಂಗಳ, ಒಣಹಾಕಿದ ಮೆಣಸಿನಕಾಯಿ, ಅದರತ್ತ ಬರುತ್ತಿದ್ದ ಕೋಳಿ, ಅಷ್ಟನ್ನೇ ನೋಡುತ್ತ, ಕೋಳಿಯನ್ನು ಹುಶ್ ಎಂದು ಓಡಿಸಿ, ತಾಳ ತಪ್ಪದ ಹಾಗೆ ದನಿ ಸೇರಿಸಿದರು.