ಕೊನೆಯ ಡಬ್ಬಿಯ ನಂಬರು

ಇವತ್ತು ಬೆಳಿಗ್ಗೆ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಹುಮನಾಬಾದಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮುಡಬಿಗೆ ಹೊರಟ ಹಳೆಯ ಬಸ್ಸೊಂದು ನನ್ನ ಮುಖಕ್ಕೇ ಹೊಗೆ ಬಿಟ್ಟು ಹೋಯಿತು. ಸುತ್ತ ಇದ್ದವರೆಲ್ಲ ಸೆರಗು, ರುಮಾಲು ಮೂಗಿಗೆ ಹಿಡಿದರೆ ನಾನೊಬ್ಬಳು ಆಸೆಪಟ್ಟು ಒಂದು ಉಸಿರು ಎಳೆದುಕೊಂಡೆ. ನಗಬೇಡಿ. ಸುಟ್ಟ ಡೀಸೆಲ್ಲಿನ ವಾಸನೆ ಬಂದರೆ ನನಗೆ ನಮ್ಮ ಅತ್ತೆ ನೆನಪಾಗುತ್ತಾರೆ. ಇದನ್ನು ಅವರ ಎದುರು ಹೇಳಿದರೆ ನನ್ನ ಗತಿ ಏನಾದೀತು ಎಂಬುದು ಬೇರೆ ಮಾತು.

ಅತ್ತೆಯ ಹೆಸರು ಶರಣಮ್ಮ. ಅಕ್ಷರ ಬಾರದು, ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಏಕಾದಶಿ ಹುಡುಕಿ ಹುಡುಕಿ ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಕೆಲವು ವರ್ಷಗಳ ಹಿಂದೆ ಕಣ್ಣಿನ ಪೊರೆ ತೆಗೆಸಲು ಕಲಬುರಗಿಗೆ ಕರೆದುಕೊಂಡು ಹೋಗಿದ್ದೆ. ನಮ್ಮೂರಿಗೆ ರೈಲಿಲ್ಲ. ಹುಮನಾಬಾದಿಗೆ ಹೋಗಿ, ಬೀದರಿನಿಂದ ಬರುವ ಡೀಸೆಲ್ ಗಾಡಿ ಹತ್ತಬೇಕಿತ್ತು. ಪಟ್ಟಿ ಬಿಚ್ಚಿಸಿಕೊಂಡು ವಾಪಸ್ ಹೊರಟಾಗ ಕಲಬುರಗಿಯ ಪ್ಲಾಟ್‌ಫಾರ್ಮಿನಲ್ಲಿ ಅತ್ತೆ ಗಕ್ಕನೆ ನಿಂತರು. ರೈಲಿನ ಡಬ್ಬಿಯ ಮೇಲೆ ಬರೆದಿದ್ದ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದರು. ಗಾಡಿ ಹೊರಡಲು ಸೀಟಿ ಹಾಕುತ್ತಿದೆ, ಇವರು ಸಣ್ಣ ಹುಡುಗಿಯಂತೆ ಇನ್ನೊಂದು ಸಲ ಓದುತ್ತಿದ್ದಾರೆ!

ಅಲ್ಲಿಂದ ಶುರುವಾಯಿತು ನೋಡಿ. ಮನೆಗೆ ಬಂದವರೇ ಒಂದು ವಹಿ ತರಿಸಿ ಆ ನಂಬರು ಬರೆದರು. ಆಮೇಲೆ ಪ್ರತಿ ಐತಾರ, ಅಂದರೆ ಭಾನುವಾರ, ಹುಮನಾಬಾದಿನ ಸ್ಟೇಷನ್ನು. ಜನ ಐತಾರ ಮಗಳ ಮನೆಗೆ ಹೋಗುತ್ತಾರೆ, ಮಠಕ್ಕೆ ಹೋಗುತ್ತಾರೆ. ನಮ್ಮ ಅತ್ತೆ ಡಬ್ಬಿಗಳ ನಂಬರು ಬರೆದುಕೊಳ್ಳಲು ಹೋಗುತ್ತಿದ್ದರು. ಅವರ ಹಿಂದೆ ನಾನು, ಚೀಲದಲ್ಲಿ ರೊಟ್ಟಿ, ನೀರಿನ ಬಾಟಲಿ, ಮನೆಯಲ್ಲಿ ಹೊಲಿಯದೆ ಬಿದ್ದ ಬ್ಲೌಸುಗಳ ಚಿಂತೆ ಹೊತ್ತುಕೊಂಡು.

ಅಲ್ಲಿ ಹೋದಮೇಲೆ ಗೊತ್ತಾಯಿತು, ಈ ಹುಚ್ಚು ಅತ್ತೆಯೊಬ್ಬರದೇ ಅಲ್ಲ. ಕ್ಯಾಮೆರಾ ಹಿಡಿದ ನಾಲ್ಕೈದು ಜನ ಅಲ್ಲಿ ಖಾಯಂ ಇರುತ್ತಿದ್ದರು. ಅವರ ಮುಖಂಡ ಇರ್ಫಾನ್ ಭಾಯಿ, ಹುಮನಾಬಾದಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವರು. ಅವರಲ್ಲೊಂದು ಕಡ್ಡಾಯದ ನಿಯಮವಿತ್ತು: ಸ್ವಂತ ಕಣ್ಣಿಂದ ನೋಡಿದ ನಂಬರೇ ಲೆಕ್ಕಕ್ಕೆ. ಬೇರೆಯವರು ಹೇಳಿದ್ದು, ಫೋಟೋದಲ್ಲಿ ಕಂಡದ್ದು ನಡೆಯುವುದಿಲ್ಲ. ಅತ್ತೆಗೆ ಇನ್ನೊಂದು ಕಣ್ಣು ಮಸುಕು, ದೂರದ ಡಬ್ಬಿ ಕಾಣದು, ಮೊಣಕಾಲು ನೋವಿನಿಂದ ಓಡಲೂ ಆಗದು. ಹಾಗಾಗಿ ಅವರು ಎಲ್ಲರ ಮುಂದೆ ಸಾರಿಬಿಟ್ಟಿದ್ದರು: "ನನ್ನ ಸೊಸಿ ಕಣ್ಣು ಅಂದ್ರ ನನ್ನ ಕಣ್ಣೇ. ಆಕಿ ನೋಡಿದ್ರ ನಾ ನೋಡಿದಂಗೇ."

"ಮಂಜೂರ್, ಅಮ್ಮಾ" ಎಂದಿದ್ದರು ಇರ್ಫಾನ್ ಭಾಯಿ.

ಹಳಿಗಳ ಮೇಲೆ ತಂತಿ ಎಳೆದು ಮುಗಿದಿತ್ತು. ಇನ್ನು ಡೀಸೆಲ್ ಗಾಡಿಗಳು ಹೋಗುತ್ತವೆ, ಕರೆಂಟಿನ ಹೊಸ ಗಾಡಿ ಬರುತ್ತದೆ ಎಂದು ಸುದ್ದಿಯಾಯಿತು. ಅತ್ತೆಯ ವಹಿಯಲ್ಲಿ ಎಲ್ಲ ಡಬ್ಬಿಗಳೂ ಬಂದಿದ್ದವು, ಒಂದರ ಹೊರತು. ಅದು ಹಳೆಯ ಗಾಡಿಯ ಕೊನೆಯ ಐತಾರ. ಗಾಡಿ ಬಂತು. ಇರ್ಫಾನ್ ಭಾಯಿ ಮೊದಲೇ ಹೇಳಿದ್ದಂತೆ ಬೇಕಾದ ಡಬ್ಬಿ ತುತ್ತತುದಿಯಲ್ಲಿ. "ಓಡ್ ಯವ್ವಾ!" ಎಂದರು ಅತ್ತೆ. ನಾನು ಓಡಿದೆ ಅನ್ನುವುದಕ್ಕಿಂತ ನಡೆದೆ ಅನ್ನಬೇಕು. ಮದುವೆ ಸೀಜನ್ನು, ರಾತ್ರಿಯೆಲ್ಲ ಹೊಲಿದು ಸೊಂಟ ಹಿಡಿದಿತ್ತು. ನಾನು ಮುಟ್ಟುವಷ್ಟರಲ್ಲಿ ಗಾಡಿ ಚಲಿಸಿತು. ಬಾಗಿಲಲ್ಲಿ ಜೋತುಬಿದ್ದವರ ಕಾಲುಗಳ ನಡುವೆ ನಂಬರು ಕಾಣಲೇ ಇಲ್ಲ.

ತಿರುಗಿ ಬಂದಾಗ ಅತ್ತೆ ಪೆನ್ನು ಹಿಡಿದೇ ಕೂತಿದ್ದರು. ಆ ಮುಖ ನೋಡಿ ನನ್ನ ಬಾಯಿಂದ ಒಂದು ನಂಬರು ಹೊರಬಿತ್ತು. ಸುಳ್ಳು ನಂಬರು. ಅವರಿಗೆ ಬೇಜಾರಾಗಬಾರದು ಎಂದು ಹೇಳಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಈ ಐತಾರಗಳ ಪೀಡೆ ಒಮ್ಮೆ ಮುಗಿಯಲಿ ಎಂದು ಹೇಳಿದ್ದೆ.

ಮರುವಾರ ಹೊಸ ಗಾಡಿ ನೋಡಲು ಎಲ್ಲರೂ ಸೇರಿದರು. ವಹಿ ಪೂರ್ತಿಯಾದ ಖುಷಿಗೆ ಅತ್ತೆ ಡಬ್ಬದ ತುಂಬ ಶೇಂಗಾ ಹೋಳಿಗೆ ಮಾಡಿ ತಂದಿದ್ದರು. ಇರ್ಫಾನ್ ಭಾಯಿ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ವಹಿ ತಿರುವಿದರು. ಕೊನೆಯ ಸಾಲಿಗೆ ಬಂದಾಗ ಅಗಿಯುವುದು ನಿಂತಿತು.

"ಅಮ್ಮಾ, ಈ ನಂಬರಿನ ಡಬ್ಬಿ ನಮ್ಮ ಲೈನಿಗೆ ಬಂದೇ ಇಲ್ಲರಿ. ಯಾರ್ ನೋಡ್ಯಾರ ಇದು?"

ಅತ್ತೆ ನನ್ನ ಕಡೆ ನೋಡಿದರು. ನಾನು ಹಳಿಯ ಕಡೆ ನೋಡಿದೆ. "ನಾನೇ ನೋಡೀನಪ್ಪಾ, ನನಗ ಕಣ್ಣು ಮಸುಕು, ತಪ್ಪಿರಬೇಕು" ಅಂದರು ಅತ್ತೆ. ಎಲ್ಲರ ಮುಂದೆ ನನ್ನ ಮಾನ ಉಳಿಸಲು ತಮ್ಮ ಕಣ್ಣಿನ ಮೇಲೆ ಹಾಕಿಕೊಂಡರು. ಭೂಮಿ ಬಾಯಿ ಬಿಡಬಾರದೆ ಅನಿಸಿತು. ಹೊಸ ಗಾಡಿ ಬಂದದ್ದು, ಜನ ಚಪ್ಪಾಳೆ ತಟ್ಟಿದ್ದು ಯಾವುದೂ ನನಗೆ ಸರಿಯಾಗಿ ನೆನಪಿಲ್ಲ.

ಬಸ್ಸಿನಲ್ಲಿ ವಾಪಸ್ ಬರುತ್ತ ರಾಜೇಶ್ವರ ಊರು ದಾಟಿದೆವು. ಆಮೇಲೆ ಅತ್ತೆ ಇಷ್ಟೇ ಕೇಳಿದರು: "ಕಾಣಲಿಲ್ಲ ಅಂದಿದ್ರ ನಾ ಏನ್ ಹೊಡಿತಿದ್ನೇನ?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಆ ಸಾಲಿನ ಮೇಲೆ ಗೀಟು ಎಳೆದು ವಹಿಯನ್ನು ಟ್ರಂಕಿಗೆ ಹಾಕಿದರು. ಅಕ್ಕಿಯಲ್ಲಿ ಹರಳು ನೋಡಲು, ಗುಳಿಗೆಯ ತಾರೀಖು ನೋಡಲು ಸದಾ ನನ್ನನ್ನೇ ಕೂಗುತ್ತಿದ್ದವರು ಈಗ ಪಕ್ಕದ ಮನೆಯ ಕಮಲಾಬಾಯಿಯನ್ನು ಕರೆಯತೊಡಗಿದರು. ನಾನು ಎದುರಿಗೇ ಕೂತಿರುತ್ತಿದ್ದೆ. ನಾಲ್ಕನೇ ದಿನ ಸೂಜಿ ಕೆಳಗಿಟ್ಟು ನಿರ್ಧಾರ ಮಾಡಿದೆ: ಆ ಡಬ್ಬಿ ಎಲ್ಲಿದ್ದರೂ ಸರಿ, ನೋಡಿಯೇ ಬರುವುದು.

ಇರ್ಫಾನ್ ಭಾಯಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು, "ಆ ಡಬ್ಬಿ ವಾಡಿ ಯಾರ್ಡಿನ್ಯಾಗ ನಿಂತದ ಅಕ್ಕಾ. ಎರಡು ದಿನಕ್ಕ ಎಲ್ಲಿಗೋ ಒಯ್ತಾರಂತ. ನಂಬರ್ ನನಗ ಗೊತ್ತದ, ಹೇಳ್ಲೇನ್ರಿ?" ಎಂದರು.

"ಹೇಳಬ್ಯಾಡ್ರಿ!" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ ಒಳಗಿದ್ದ ನಮ್ಮ ಮನೆಯವರು ಓಡಿ ಬಂದರು.

ಮರುದಿನ ಹೊಸ ಗಾಡಿಯಲ್ಲೇ ಕಲಬುರಗಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ವಾಡಿ ಮುಟ್ಟಿದೆ. ಪ್ಲಾಟ್‌ಫಾರ್ಮಿನ ತುದಿಯಿಂದ ಆಚೆ ಹಳಿಯಲ್ಲಿ ನಮ್ಮ ಹಳೆಯ ಡಬ್ಬಿಗಳು ಕಂಡವು. ಕಂಡರೇನು, ಮೈತುಂಬ ಅಲ್ಲಿನ ಸಿಮೆಂಟ್ ಕಾರ್ಖಾನೆಯ ಬೂದಿ ಧೂಳು, ಅಂಕಿಗಳೇ ಮುಚ್ಚಿಹೋಗಿದ್ದವು. ಮಧ್ಯಾಹ್ನ ತಿರುಗುವವರೆಗೆ ಬಿಸಿಲಿನಲ್ಲಿ ಹುಬ್ಬಿಗೆ ಕೈ ಹಚ್ಚಿ ನೋಡಿದೆ. ಸುತ್ತಿಗೆ ಹಿಡಿದು ಹಳಿ ಪರೀಕ್ಷೆ ಮಾಡುತ್ತ ಬಂದ ರೈಲ್ವೆಯವನೊಬ್ಬ ನಿಂತು ಕೇಳಿದ:

"ಏನ್ ನೋಡಾಕತ್ತೀರಿ ಅಕ್ಕಾ? ಸಾಮಾನೇನರ ಬಿಟ್ಟೀರೇನ್ ಅದರಾಗ?"

"ನಂಬರ್ ನೋಡಾಕತ್ತೇನ್ರಿ."

"ಇಷ್ಟೇನಾ? ನಾ ಓದಿ ಹೇಳ್ತೀನಿ ತಡೀರಿ."

"ಬ್ಯಾಡ್ರಿ ಅಣ್ಣಾ, ನನ್ನ ಕಣ್ಣಿಂದೇ ಕಾಣಬೇಕು."

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಆಮೇಲೆ ನಗುತ್ತ ಹೋಗಿ ಹೆಗಲ ಮೇಲಿನ ಟವೆಲ್ಲಿನಿಂದ, ನಾನು ಬೆರಳು ತೋರಿಸಿದ ತುದಿಯ ಡಬ್ಬಿಯ ಧೂಳು ಒರೆಸಿದ. ಒಂದೊಂದೇ ಅಂಕಿ ಹೊರಬಂತು. ಹಾಡುಹಗಲಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬಳೇ ನಿಂತು ಜೋರಾಗಿ ಓದಿದೆ, ಎರಡು ಸಲ. ಮೊಬೈಲು ಕೈಯಲ್ಲೇ ಇತ್ತು. ಫೋಟೋ ತೆಗೆಯಲಿಲ್ಲ. ತೆಗೆದಿದ್ದರೆ ಅತ್ತೆ ಫೋಟೋವನ್ನು ನಂಬುತ್ತಿದ್ದರು. ನನಗೆ ಬೇಕಾಗಿದ್ದದ್ದು ಅದಲ್ಲ.

ಮನೆಗೆ ಬಂದು ಅವರ ಮುಂದೆ ಕೂತು ಎಲ್ಲ ಹೇಳಿದೆ, ಕೊನೆಗೆ ನಂಬರನ್ನೂ ಹೇಳಿದೆ.

"ಫೋಟೋ ತಗದೀಯೇನು?"

"ಇಲ್ಲರಿ ಅತ್ತಿ."

ಅತ್ತೆ ಬಹಳ ಹೊತ್ತು ನನ್ನ ಮುಖ ನೋಡಿದರು. ನನಗೆ ಕಣ್ಣು ತುಂಬಿ ಬಂತು, ಆದರೂ ಈ ಸಲ ನೋಟ ತಪ್ಪಿಸಲಿಲ್ಲ. ಅವರು ಎದ್ದು ಟ್ರಂಕು ತೆಗೆದರು. ಗೀಟು ಹಾಕಿದ ಸಾಲಿನ ಕೆಳಗೆ ನಾನು ಹೇಳಿದಂತೆ ಅಂಕಿಗಳನ್ನು ದುಂಡಗೆ ಬರೆದರು. ಮರುದಿನ ಬೆಳಿಗ್ಗೆ ಅಕ್ಕಿಯ ಮೊರ ತಂದು ನನ್ನ ಮುಂದೆ ಇಟ್ಟರು. ಇರ್ಫಾನ್ ಭಾಯಿಗೆ ಇದೆಲ್ಲ ಹೇಳಿದಾಗ ಅವರೂ ಮಂಜೂರ್ ಅಂದರು.

ಈಗ ಹೊಸ ಗಾಡಿಗೆ ಹೊಸ ವಹಿ. ಇವತ್ತು ಅತ್ತೆಗೆ ಮೊಣಕಾಲು ಬಾತಿದೆ, ಅದಕ್ಕೇ ನಾನೊಬ್ಬಳೇ ಬಂದದ್ದು. ಹುಮನಾಬಾದಿನಲ್ಲಿ ಗಾಡಿ ಸದ್ದಿಲ್ಲದೆ ಬಂದು ನಿಂತಿತು. ಓಡಿದೆ, ನಿಜವಾಗಿಯೂ ಓಡಿದೆ. ಆದರೂ ಹೊರಡುವಷ್ಟರಲ್ಲಿ ಎರಡೇ ಡಬ್ಬಿ ಸಿಕ್ಕವು. ಏದುಸಿರು ಇಳಿಯುವ ಮೊದಲೇ ಫೋನು ಬಂತು.

"ಎಷ್ಟು ಸಿಕ್ಕಾವವ್ವಾ?"

"ಎರಡು, ಅತ್ತಿ. ಮೂರನೇದು ಕಾಣಲಿಲ್ಲರಿ."

ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿತು.

"ಹಂಗಾರ ಆ ಸಾಲು ಖಾಲಿ ಬಿಡ್ತೀನಿ ತಗೋ" ಎಂದರು ಅತ್ತೆ. "ಎರಡರದು ಹೇಳು."