ಬಲಗೈಯ ಉರಿ

ಎಂಬತ್ತರ ದಶಕದ ನಡುವಿನ ಮಾತು. ಸಯನ್‌ನಲ್ಲಿ ನಮ್ಮ ಮನೆ. ಗಂಡ ಬ್ಯಾಂಕಿನಲ್ಲಿದ್ದರು, ನಾನು ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಟೈಪಿಸ್ಟ್. ಒಂದು ಬೆಳಿಗ್ಗೆ ಲೋಕಲ್ ರೈಲು ಹತ್ತುವಾಗ ಬಾಗಿಲ ಕಂಬ ಹಿಡಿದಿದ್ದೆ, ಒಳಗೆ ಕಾಲೂರುವ ಮೊದಲೇ ಗಾಡಿ ಹೊರಟಿತು. ಕಾಲು ಜಾರಿತು. ಬಲಗೈ ಮಾತ್ರ ಕಂಬ ಬಿಡಲಿಲ್ಲ. ಮೈಯ ಭಾರವೆಲ್ಲ ಆ ಒಂದು ಕೈಮೇಲೆ ಬಿತ್ತು. ಒಳಗಿದ್ದ ಹೆಂಗಸರು ಸೀರೆ, ಜಡೆ, ಸಿಕ್ಕಿದ್ದನ್ನು ಹಿಡಿದು ಎಳೆದುಕೊಂಡರು. ಬದುಕಿದೆ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂಳೆ ಡಾಕ್ಟರು ಮೂರು ವಾರ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕುತ್ತಿಗೆಗೆ ತೂಗುಹಾಕಿಸಿ ಕಳಿಸಿದರು. ಜೋಳಿಗೆ ಬಿಚ್ಚಿದ ಮೇಲೂ ಕಂಕುಳಿನಿಂದ ಕಿರುಬೆರಳಿನವರೆಗೆ ಕೆಂಡ ಎಳೆದ ಹಾಗೆ ಉರಿ. ಕೊನೆಯ ಎರಡು ಬೆರಳು ಟೈಪ್‌ರೈಟರಿನ ಮೇಲೆ ನಿಲ್ಲುತ್ತಿರಲಿಲ್ಲ. ಮನೆ ಹತ್ತಿರದ ಡಾಕ್ಟರು ವಿಟಮಿನ್ ಇಂಜೆಕ್ಷನ್ ಕೊಟ್ಟರು. ಮತ್ತೊಬ್ಬರು ಕುತ್ತಿಗೆಯ ಮೂಳೆ ಸವೆದಿದೆ ಎಂದು ಪಟ್ಟಿ ಕಟ್ಟಿಸಿದರು. ಇನ್ನೊಬ್ಬ ದೊಡ್ಡ ಡಾಕ್ಟರು ನನ್ನ ಕೈ ಮುಟ್ಟದೆಯೇ, "ಇದು ಮನಸ್ಸಿನದು, ಊರಿಗೆ ಹೋಗಿ ವಿಶ್ರಾಂತಿ ತಗೊಳ್ಳಿ" ಎಂದರು.

ಅಂದು ಸಂಜೆ ಗಂಡ, "ನೀನೂ ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋಬೇಕು ಕಣೇ" ಎಂದರು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಆದರೂ ಆಮೇಲೆ ನಾನು ನೋವಿನ ಮಾತು ಎತ್ತುವುದನ್ನೇ ಬಿಟ್ಟೆ. ಒಂದು ದಿನ ದೋಸೆ ಮಗುಚುವಾಗ ಸುಟ್ಟ ವಾಸನೆ ಬಂತು. ನೋಡಿದರೆ ನನ್ನ ಕಿರುಬೆರಳು ಕಾವಲಿಗೆ ಅಂಟಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಶಾಲೆಗೆ ಹೊರಟಿದ್ದ ಮಗಳಿಗೆ ಕಾಣಬಾರದೆಂದು ಸೆರಗಿನಲ್ಲಿ ಮುಚ್ಚಿಕೊಂಡೆ.

ಭಾನುವಾರ ನಾವು ಕಾಫಿಗೆ ಹೋಗುತ್ತಿದ್ದ ಹೋಟೆಲಿನ ಗಲ್ಲಾದಲ್ಲಿ ಉಡುಪಿ ಕಡೆಯ ಒಬ್ಬ ಹಿರಿಯರು ಕೂರುತ್ತಿದ್ದರು. ಆ ವಾರ ನನ್ನ ಕೈಯಿಂದ ಲೋಟ ಜಾರಿತು. ಅವರೇ ಎದ್ದು ಬಂದರು.

"ಅಮ್ಮ, ಬೆರಳಿಗೆ ಬಿಸಿ ಗೊತ್ತಾಗ್ತದಾ?"

"ಇಲ್ಲ" ಎಂದೆ.

"ನಮ್ಮ ಅಡುಗೆ ಭಟ್ಟರಿಗೂ ಹೀಗೇ ಆದದ್ದು. ಇದು ಎಲುಬಿನದ್ದಲ್ಲ, ನರದ್ದು. ಸಾಂತಾಕ್ರೂಜ್‌ನಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ, ಕೈಯ ನರಗಳನ್ನು ಮಾತ್ರ ನೋಡುವುದು. ತಡ ಮಾಡಬೇಡಿ."

ಆಗಲೇ ಒಂದೂವರೆ ವರ್ಷ ತಡವಾಗಿತ್ತು.

ಡಾಕ್ಟರಮ್ಮ ಮರಾಠಿಯವರು, ಐವತ್ತು ದಾಟಿದವರು. ಎಕ್ಸ್‌ರೇಗಳ ಕಟ್ಟನ್ನು ಪಕ್ಕಕ್ಕಿಟ್ಟು ಹಿಂದಿಯಲ್ಲಿ ಮೊದಲು ಕೇಳಿದ್ದು, "ನೋಯುತ್ತದೋ, ಉರಿಯುತ್ತದೋ?" ಅಷ್ಟು ಡಾಕ್ಟರುಗಳಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. "ಉರಿಯುತ್ತದೆ, ಕಂಕುಳಿನಿಂದ ಕಿರುಬೆರಳಿನವರೆಗೆ" ಎಂದೆ. ಅವರು ಅವಸರ ಮಾಡಲಿಲ್ಲ. ನನ್ನ ಕಣ್ಣು ಮುಚ್ಚಿಸಿ ಹತ್ತಿ, ಗುಂಡುಪಿನ್ನು ತಾಗಿಸುತ್ತ, ಗೊತ್ತಾಗದ ಜಾಗವನ್ನೆಲ್ಲ ಚರ್ಮದ ಮೇಲೆ ನೀಲಿ ಪೆನ್ನಿನಿಂದ ಗೆರೆ ಎಳೆದು ಗುರುತಿಸಿದರು. ಕಣ್ಣು ತೆರೆದರೆ ಅರ್ಧ ಅಂಗೈ, ಎರಡು ಬೆರಳು, ಮುಂಗೈಯ ಒಂದು ಪಟ್ಟಿ ಗೆರೆಯೊಳಗಿತ್ತು. ಜೊತೆಗೆ ಬಂದಿದ್ದ ಗಂಡ ಅದನ್ನೇ ನೋಡುತ್ತ ನಿಂತಿದ್ದರು.

ಕರೆಂಟು ಹಾಯಿಸಿ ಮಾಡುವ ಪರೀಕ್ಷೆಯೂ ಆಯಿತು. ಅದರ ವರದಿ ಬಂದ ಮೇಲೆ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು: ಕತ್ತಿನಿಂದ ಕೈಗೆ ಇಳಿಯುವ ನರಗಳು ಅಂದು ಜಗ್ಗಿ ಹರಿದಿವೆ. ಮೊದಲ ಕೆಲವು ತಿಂಗಳಲ್ಲಿ ಬಂದಿದ್ದರೆ ಆಪರೇಷನ್ ಮಾಡಿ ನೋಡಬಹುದಿತ್ತು. ಈಗ ಬೆರಳುಗಳ ಆಸೆ ಬಿಡಬೇಕು. ಉರಿಯನ್ನು ಔಷಧಿಯಿಂದ ತಗ್ಗಿಸಬಹುದು. ಆಮೇಲೆ ನನ್ನ ಗಂಡನತ್ತ ತಿರುಗಿ, "ಇವರು ಹೇಳಿದ್ದೆಲ್ಲ ನಿಜ" ಎಂದರು.

ಗಾಡಿ ಬದಲಿಸಲು ದಾದರಿನಲ್ಲಿ ಇಳಿದೆವು. ಸೇತುವೆಯ ಮೇಲೆ ಜನ ನೂಕುತ್ತಿದ್ದರು. ಗಂಡ ನನ್ನ ಬಲಗಡೆಗೆ ಬಂದು ಯಾರೂ ತಾಗದಂತೆ ಅಡ್ಡ ನಡೆದರು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತ ಮೇಲೆ, "ನಾನಾದ್ರೂ ನಿನ್ನ ನಂಬಬೇಕಿತ್ತು" ಎಂದರು. ಸಮಾಧಾನ ಹೇಳುವ ಶಕ್ತಿ ನನಗಿರಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ. ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹತ್ತಿದೆವು.

ಔಷಧಿಯಿಂದ ಉರಿ ಅರ್ಧಕ್ಕರ್ಧ ಇಳಿಯಿತು. ಬೆರಳುಗಳಿಗೆ ಜೀವ ಬರಲಿಲ್ಲ. ಆಫೀಸಿನಲ್ಲಿ ಟೈಪಿಂಗ್ ಬಿಡಿಸಿ ಟಪಾಲು ವಿಭಾಗಕ್ಕೆ ಹಾಕಿದರು. ಮೊದಲ ತಿಂಗಳು ಟೈಪ್‌ರೈಟರುಗಳ ಸದ್ದು ಕೇಳುವ ಕಡೆಗೆ ಹೋಗುತ್ತಲೇ ಇರಲಿಲ್ಲ. ಬಲಗೈಯಲ್ಲಿ ಪೆನ್ನು ನಿಲ್ಲದ್ದರಿಂದ ಮಗಳ ಹಳೆಯ ಕಾಪಿ ಪುಸ್ತಕದಲ್ಲಿ ಎಡಗೈಯಿಂದ ಬರೆಯುವುದನ್ನು ಕಲಿತೆ. ನನ್ನ ಪಕ್ಕ ಕೂತು ಅವಳು ಗೆರೆ ಹಾಕಿಕೊಡುತ್ತಿದ್ದಳು.

ಆ ವರ್ಷ ಅವಳ ಪ್ರೋಗ್ರೆಸ್ ಕಾರ್ಡಿಗೆ ಎಡಗೈಯಲ್ಲೇ ಸಹಿ ಹಾಕಿದೆ. ಅಕ್ಷರ ನೋಡಿ, ಮಗಳೇ ಹಾಕಿದ್ದಾಳೆಂದು ಟೀಚರು ಕಾರ್ಡು ವಾಪಸು ಕಳಿಸಿದರು. ಮರುದಿನ ನಾನೇ ಶಾಲೆಗೆ ಹೋಗಿ, ಅವರ ಮೇಜಿನ ಮೇಲೆ ಕಾರ್ಡಿಟ್ಟು, ಎಡಗೈಯಿಂದ ನಿಧಾನವಾಗಿ ನನ್ನ ಹೆಸರು ಬರೆದೆ.